ಒಗ್ಗರಣೆಯ ಅಡಿಯ ಕತ್ತಲೆ

ಹೊಸ ಅಡುಗೆ ದೀಪದಂತೆ ಬೆಳಗುವುದು, ಹಳಸುತ್ತ ಹೋದಂತೆ ಅದರ ಬೆಳಕು ಆರುವುದು ಯಾರಿಗೂ ಹೊಸ ಸಂಗತಿಯಲ್ಲ. ಆದರೆ ಛತ್ರದ ಝಗಮಗ ದೀಪಗಳಲ್ಲಿ ಅದನ್ನು ನೋಡುವವರಾರು? ಆ ಧೈರ್ಯದಲ್ಲೇ ಅಡುಗೆ ಶ್ರೀಪತಿ ಭಟ್ಟರು ಬೆಳಗಿನ ಬಿಸಿಬೇಳೆಬಾತಿಗೆ ಹೊಸ ಒಗ್ಗರಣೆ ಹೊಯ್ದು ಆರತಕ್ಷತೆಯ ಬಫೆಗೆ ಇಟ್ಟಿದ್ದರು.

ಕರೆಂಟು ಹೋಯಿತು.

ಜನ ಬಫೆಯತ್ತ ತಿರುಗಿದರು. ಪಾಯಸ ಬೆಳದಿಂಗಳಾಗಿತ್ತು, ಕೋಸಂಬರಿಯ ಒಂದೊಂದು ಬೇಳೆಯೂ ಮಿನುಗುತ್ತಿತ್ತು. ಬಾತೂ ಥಳಥಳಿಸುತ್ತಿತ್ತು. ಮದುಮಗಳ ಅಜ್ಜಿ ಲಲಿತಮ್ಮ ಅದಕ್ಕೆ ಸೌಟು ಇಳಿಸಿದರು. ಒಗ್ಗರಣೆ ಪಕ್ಕಕ್ಕೆ ಸರಿದು, ಒಳಗೆ ಬಾವಿಯಂಥ ಕತ್ತಲೆ ಕಂಡಿತು.

"ಇದೇನ್ರೀ ಭಟ್ರೇ, ಅಮಾವಾಸ್ಯೆ ಬಡಿಸ್ತಿದ್ದೀರಾ?"

ಹೆಸರು ಕೆಟ್ಟರೆ ಮುಂದೆ ಯಾವ ಮದುವೆಗೂ ಕರೆ ಬರುವುದಿಲ್ಲ. ಭಟ್ಟರ ಬಾಯಲ್ಲಿ ಸುಳ್ಳು ಸಿದ್ಧವಿತ್ತು. ಆದರೆ ಪಾಯಸದ ಬೆಳಕು ಬಿದ್ದ ಅಷ್ಟೂ ಮುಖಗಳು ಎದುರಿಗಿದ್ದವು. ತಮ್ಮ ಕೈಯಡುಗೆ ಇಷ್ಟು ಬೆಳಗುವುದನ್ನು ಭಟ್ಟರೇ ಕಂಡಿರಲಿಲ್ಲ. ಆ ಬೆಳಕಿನೆದುರು ಸುಳ್ಳು ಹೊರಡಲಿಲ್ಲ.

"ತಿನ್ಬೇಡಿ ಅಮ್ಮಾ, ಬೆಳಗ್ಗೆದು ಅದು. ತಪ್ಪಾಯ್ತು."

ಪಾತ್ರೆ ಎತ್ತಿಕೊಂಡು ಹಿತ್ತಿಲ ಕಡೆ ಹೊರಟವರು ಕತ್ತಲಲ್ಲಿ ಎಡವಿದರು. ಹಿಂದಿನಿಂದ ಲಲಿತಮ್ಮ ಪಾಯಸದ ಬಟ್ಟಲನ್ನು ಎತ್ತಿ ಹಿಡಿದು ಬಂದರು.

"ನಡೀರಿ ಭಟ್ರೇ. ನಿಮ್ಮ ಪಾಯಸದಲ್ಲೇ ದಾರಿ ಕಾಣ್ತಿದೆ."