ಕೈಗಡದ ದನಗಳು

"ನಾಳಿಗಿ ಒಂದೂ ಬಡಕಲು ದನ ಡಾಕ್ಟರ ಕಣ್ಣಿಗಿ ಬೀಳಬಾರದು. ತಿಳೀತಿಲ್ಲೋ?"

ಗೋಶಾಲೆಯ ಅಧ್ಯಕ್ಷ ನೀಲಕಂಠಪ್ಪ ಕಾಲುವೆ ದಂಡೆಯ ಮೇಲೆ ಜೀಪು ನಿಲ್ಲಿಸಿ, ಇಳಿಯದೆಯೇ ಕೂಗಿದ. ಇಳಿದರೆ ಧೋತರಕ್ಕೆ ಸೆಗಣಿ ಮೆತ್ತುತ್ತದೆ.

ದನ ನೋಡಿಕೊಳ್ಳುವ ತಿಮ್ಮವ್ವ ಸೆರಗು ಸರಿಮಾಡಿಕೊಂಡಳು. "ಬೀಳಂಗಿಲ್ಲ ತಗೋರಿ, ಸಾವ್ಕಾರ್ರ. ಹುಡುಕಿದ್ರೂ ಒಂದು ಸಿಗಂಗಿಲ್ಲ."

ಅಧ್ಯಕ್ಷನ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಯಾದಗಿರಿಯಿಂದ ದನದ ಡಾಕ್ಟರು ತಪಾಸಣೆಗೆ ಬರುವವರಿದ್ದರು. ದನಗಳು ಉಪವಾಸ ಸಾಯುತ್ತಿವೆ ಎಂದು ಅರ್ಜಿ ಹಾಕಿದವನು ಅದೇ ಗೋಶಾಲೆಯ ಕಾರ್ಯದರ್ಶಿ ಬಸವಂತ್ರಾಯ. ಡಾಕ್ಟರು ಹೌದೆಂದರೆ ಕಮಿಟಿ ರದ್ದು, ಕುರ್ಚಿ ಬಸವಂತ್ರಾಯನಿಗೆ, ಕಮಾನಿನ ಮೇಲೆ ಕೆತ್ತಿಸಿದ ನೀಲಕಂಠಪ್ಪನ ಹೆಸರಿಗೆ ಸುಣ್ಣ.

ಹಾಗಂತ ಬಸವಂತ್ರಾಯನಿಗೆ ದನಗಳ ಮೇಲೆ ಕರುಳು ಎಂದು ಯಾರೂ ಕಣ್ಣು ಒರೆಸಿಕೊಳ್ಳಬೇಕಾಗಿಲ್ಲ. ಅವನು ಅರ್ಜಿ ಬರೆದದ್ದು ಶಹಾಪುರದ ಹೋಟೆಲಿನಲ್ಲಿ ಚಹಾ ಕುಡಿಯುತ್ತ, ಹಳೆಯ ಫೋಟೋ ಒಂದನ್ನು ಮುಂದಿಟ್ಟುಕೊಂಡು. ಕಾಲುವೆ ನೀರು ಬಂದು, ಭತ್ತ ಬೆಳೆದು, ಮನೆಮನೆಗೆ ಟ್ರ್ಯಾಕ್ಟರ್ ಬಂದ ಮೇಲೆ ಬೇಡವಾದ ದನಗಳಿಗೆಂದು ದೋರನಹಳ್ಳಿಯ ಹತ್ತಿರ ಈ ಗೋಶಾಲೆ ಕಟ್ಟಿದ್ದರು. ಕಮಾನಿನಲ್ಲಿ ಯಾರ ಹೆಸರು ಮೇಲೆ ಎಂದು ಒಂಬತ್ತು ಸಭೆ ನಡೆದವು. ಮೇವಿನ ಬಗ್ಗೆ ಒಂದೂ ಇಲ್ಲ. ಇಬ್ಬರಿಗೂ ಪರಸ್ಪರ ಎಷ್ಟು ನಂಬಿಕೆಯೆಂದರೆ, ಮೇವಿನ ಕೋಣೆಗೆ ಅಧ್ಯಕ್ಷನದೊಂದು ಬೀಗ, ಕಾರ್ಯದರ್ಶಿಯದೊಂದು ಬೀಗ. ಆ ಎರಡು ಕೀಲಿಕೈ ಒಂದೇ ದಿನ ಒಂದೇ ಕಡೆ ಬಂದದ್ದನ್ನು ಕಂಡವರಿಲ್ಲ. ಒಳಗೆ ಮೇವು ಬೂಸಲು ಹಿಡಿಯಿತು, ಹೊರಗೆ ದನಗಳು ಬಾಗಿಲು ನೆಕ್ಕಿದವು. ಪಾಪ, ಅವಕ್ಕೇನು ಗೊತ್ತು ಕಮಿಟಿಯ ಕಾನೂನು!

ನೀಲಕಂಠಪ್ಪ ಅವುಗಳನ್ನು ಕಡೆಯ ಸಲ ನೋಡಿದ್ದು ಹೋದ ವರ್ಷದ ಕಾರಹುಣ್ಣಿಮೆಗೆ, ಫೋಟೋ ತೆಗೆಸಿಕೊಳ್ಳುವಾಗ. ಆಗಲೇ ಎಲುಬು ಎಣಿಸಬಹುದಿತ್ತು. ಈಗ ಹೇಗಿರಬಹುದು ಎಂದು ಊಹಿಸಿಯೇ ಅವನು ಉಪಾಯ ಹೂಡಿದ್ದ. ಗೋಶಾಲೆಯ ನಲವತ್ತು ಬಡಕಲು ದನಗಳನ್ನು ಎಲ್ಲಾದರೂ ಮುಚ್ಚಿಡುವುದು, ಹಳ್ಳಿಗಳಿಂದ ದಷ್ಟಪುಷ್ಟವಾದ ಅಷ್ಟೇ ದನಗಳನ್ನು ಒಂದು ದಿನದ ಮಟ್ಟಿಗೆ ತಂದು ಕಟ್ಟುವುದು.

ತಿಮ್ಮವ್ವ ಚೌಕಾಶಿಗೆ ನಿಂತಳು. "ಪುಕ್ಕಟ ಯಾರು ಕೊಡ್ತಾರ್ರಿ? ತಲಿಗೊಂದು ಚೀಲ ಹಿಂಡಿ ಕೊಡ್ರಿ, ನಾ ಹೊಡಕೊಂಡು ಬರ್ತೀನಿ."

ಸ್ವಂತ ಎಣ್ಣೆಗಿರಣಿಯ ಸಾಹುಕಾರನಾದರೂ ನೀಲಕಂಠಪ್ಪ ಗೋಶಾಲೆಗೆ ಈವರೆಗೆ ಒಂದು ಹಿಡಿ ಹಿಂಡಿ ಕೊಟ್ಟವನಲ್ಲ. ಆದರೆ ಕುರ್ಚಿಯ ಪ್ರಶ್ನೆ. ಹಲ್ಲು ಕಚ್ಚಿ ನಲವತ್ತು ಚೀಲ ಕಳಿಸಿದ.

ಮರುದಿನ ಬೆಳಿಗ್ಗೆ ದನಗಳು ಬಂದವು. ಅಬ್ಬಾ, ಏನು ಮೈ, ಏನು ಮಿಂಚು! ಹಗ್ಗ ಜಗ್ಗುವ ಮೊದಲೇ ಒಂದೊಂದೂ ಒಂದೊಂದು ಗೂಟದ ಮುಂದೆ ಹೋಗಿ ನಿಂತಿತು. ಧೋತರ ಎತ್ತಿ ಹಿಡಿದು ಒಳಗೆ ಬಂದಿದ್ದ ನೀಲಕಂಠಪ್ಪ, ನನ್ನ ಕಮಿಟಿಗೆ ಇಷ್ಟು ಶಿಸ್ತು ಇದ್ದಿದ್ದರೆ ಎಂದು ನಿಟ್ಟುಸಿರು ಬಿಟ್ಟ. ಕೆಂಪು ಹಸುವೊಂದು ಅವನ ಕೈ ನೆಕ್ಕಿತು.

"ಥೂ! ಯಾರದಿದು?"

"ಎಲ್ಲಾ ಪಾಲಿಗಿ ಬಿಟ್ಟ ದನ ಅವರಿ. ಹಾಲು, ಸೆಗಣಿ ಮೇಯಿಸಿದ ಬಡವರಿಗಿ. ದನ ಮಾತ್ರ ಒಬ್ಬ ದೊಡ್ಡ ಸಾವ್ಕಾರ್ರವು."

"ಆ ಸಾವ್ಕಾರ ಬಂದು ನೋಡ್ತಾನಿಲ್ಲೋ?"

"ಅವರಿಗೆಲ್ಲಿ ಪುರಸತ್ತರಿ? ವರ್ಷಕ್ಕೊಮ್ಮಿ ಬಂದ್ರ ಹೆಚ್ಚು."

"ನಾಚಿಕಿಗೇಡಿ!" ಎಂದ ನೀಲಕಂಠಪ್ಪ, ಮನಸಾರೆ.

ತಿಮ್ಮವ್ವ ಸೆಗಣಿ ಬಳಿಯತೊಡಗಿದಳು.

ಡಾಕ್ಟರ್ ಖಾಜಾಹುಸೇನ್ ಸಾಹೇಬರು ಬಂದರು. ಹೊಟ್ಟೆ ತಟ್ಟಿದರು, ಹಲ್ಲು ನೋಡಿದರು, ತಲೆದೂಗಿದರು. ಹಿಂದೆಯೇ ಬಂದಿದ್ದ ಬಸವಂತ್ರಾಯನಿಗೆ ತಡೆಯಲಾಗಲಿಲ್ಲ.

"ಸಾಹೇಬ್ರ, ಇವು ಗೋಶಾಲಿ ದನ ಅಲ್ಲರಿ! ಮುಂಜಾನಿ ಹಳ್ಳಿ ಕಡಿಂದ ಹೊಡಕೊಂಡು ಬರೋದು ನಾನ ಕಣ್ಣಾರೆ ನೋಡೀನಿ!"

"ಕಿವಿ ಬಿಲ್ಲಿ ಅವ ಅಲ್ರಿ, ನೋಡೋಣು," ಎಂದು ಡಾಕ್ಟರು ದನಗಳ ರಿಜಿಸ್ಟರ್ ತರಿಸಿದರು.

ನೀಲಕಂಠಪ್ಪ ಎತ್ತಿ ಹಿಡಿದಿದ್ದ ಧೋತರವನ್ನು ಸೆಗಣಿಯ ಮೇಲೇ ಬಿಟ್ಟ. ಗೋಶಾಲೆಗೆ ಸೇರಿದ ದಿನವೇ ಪ್ರತಿ ದನದ ಕಿವಿಗೆ ನಂಬರಿನ ಬಿಲ್ಲೆ ಹೊಡೆಸುತ್ತಿದ್ದರು. ಅದು ಅವನಿಗೆ ನೆನಪೇ ಇರಲಿಲ್ಲ. ಯಾರದೋ ಹಳ್ಳಿಯ ದನಕ್ಕೆ ಎಲ್ಲಿಯ ಬಿಲ್ಲೆ! ಕಮಾನಿಗೆ ಬಳಿಯುವ ಸುಣ್ಣದ ವಾಸನೆ ಈಗಲೇ ಮೂಗಿಗೆ ಬಡಿದಂತಾಯಿತು.

ಡಾಕ್ಟರು ಕೆಂಪು ಹಸುವಿನ ಕಿವಿ ಹಿಡಿದರು. "ಒಂದನೇ ನಂಬರ್, ಕೆಂಪು ಹಸು. ಸರಿ ಅದ." ಪಕ್ಕದ್ದಕ್ಕೆ ಹೋದರು. "ಎರಡು, ಬಿಳಿ ಎತ್ತು. ಸರಿ ಅದ." ನಲವತ್ತೂ ಸರಿ ಇದ್ದವು. ಇಂಥ ಆರೈಕೆ ಜಿಲ್ಲೆಯಲ್ಲೇ ಕಂಡಿಲ್ಲ ಎಂದು ಬರೆದು ಸಹಿ ಹಾಕಿ, ಸನ್ಮಾನಕ್ಕೆಂದು ತರಿಸಿಟ್ಟಿದ್ದ ಶಾಲನ್ನು ಮುಟ್ಟದೆ ಹೊರಟುಹೋದರು. ಬಸವಂತ್ರಾಯ ತೆರೆದ ಬಾಯಿ ಮುಚ್ಚುವುದನ್ನೇ ಮರೆತು ಹಿಂಬಾಲಿಸಿದ.

"ಶಹಬ್ಬಾಸ್ ತಿಮ್ಮವ್ವ!" ನೀಲಕಂಠಪ್ಪನಿಗೆ ಕುಣಿಯುವುದೊಂದು ಬಾಕಿ. "ಬಡಕಲು ದನದ ಬಿಲ್ಲಿ ಕಿತ್ತು ಇವಕ್ಕ ಯಾವಾಗ ಹಾಕಿದಿ?"

"ಹೊಡದ ಬಿಲ್ಲಿ ಕಿವಿ ಹರೀಲಾರದ ಬರಂಗಿಲ್ರಿ."

ಖುಷಿಯಲ್ಲಿದ್ದವನಿಗೆ ಆ ಮಾತು ಎಲ್ಲಿ ಕೇಳಬೇಕು? "ಅದಿರ್ಲಿ. ಆ ದೊಡ್ಡ ಸಾವ್ಕಾರ ನಾಚಿಕಿಗೇಡಿ ಆದ್ರೂ ನನ್ನ ಕುರ್ಚಿ ಉಳಿಸ್ದ. ತಗೋ, ನನ್ನ ಹೆಸರಿಲೆ ಈ ಶಾಲು ಅವನಿಗಿ ಹೊಚ್ಚು."

ತಿಮ್ಮವ್ವ ಕೈ ತೊಳೆದುಕೊಂಡು ಬಂದಳು. ಶಾಲು ಬಿಚ್ಚಿ, ಕೊಡವಿ, ನೀಲಕಂಠಪ್ಪನ ಹೆಗಲಿಗೇ ಹೊದಿಸಿದಳು.

"ಹೋದ ವರ್ಷ ಕಾರಹುಣ್ಣಿಮಿ ಮರುದಿನ ನಿಮ್ಮ ಬಡಕಲು ದನಾನೆಲ್ಲ ನಾನ ಪಾಲಿಗಿ ಬಿಟ್ಟಿದ್ದೆರಿ, ಸಾವ್ಕಾರ್ರ. ನಿಮ್ಮ ಕೈ ನೆಕ್ಕಿತಲ್ಲ ಆ ಕೆಂಪಿ, ಅದನ್ನ ದಾನ ಕೊಟ್ಟವರು ನೀವ."