ಅರ್ಧ ಅಂಗಡಿ

ವಕೀಲೆಯ ಫೀಸು ಆರು ಡಬಲ್ ಹಾಸಿಗೆ. ಅರ್ಜಿ, ಸ್ಟಾಂಪು, ಜೆರಾಕ್ಸು ಎಲ್ಲ ಸೇರಿ ಎರಡು ಸಿಂಗಲ್. ಪ್ರತಿ ವಾಯಿದೆಗೆ ಹೋಗಿಬರುವ ಬಸ್ಸು, ಕಾಫಿ ಅಂದರೆ ಒಂದೊಂದು ದಿಂಬು. ಹಾಸಿಗೆ ಹೊಲಿದೇ ಬಾಳಿದವಳಿಗೆ ಬೇರೆ ಲೆಕ್ಕ ಹಿಡಿಸುತ್ತಿರಲಿಲ್ಲ. ವಿಚ್ಛೇದನದ ಖರ್ಚನ್ನೂ ಹಾಗೇ ಕೂಡಿಸಿಕೊಂಡಿದ್ದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಅವಳ ಕಾಲು ಕೋರ್ಟಿನ ಮೆಟ್ಟಿಲವರೆಗೂ ಚಾಚಿ ಆಗಿತ್ತು. ಇನ್ನು ಅಂಗಡಿಯಲ್ಲಿ ಅರ್ಧ ಪಾಲು ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಅಕ್ಕನ ಮನೆಯ ಮೂಲೆಯೇ ಗತಿ.

ಅಂಗಡಿಯ ಪರವಾನಗಿ ಗಂಡನ ಹೆಸರಲ್ಲಿ, ಬಾಡಿಗೆ ಕರಾರು ಗಂಡನ ಹೆಸರಲ್ಲಿ, ಬ್ಯಾಂಕಿನ ಖಾತೆಯೂ ಅಷ್ಟೆ. ಸಾಲದ ಪತ್ರದಲ್ಲಿ ಮಾತ್ರ ಇಬ್ಬರ ಸಹಿ. "ನೀವು ಅಲ್ಲಿ ದುಡಿದಿರಿ ಅನ್ನೋದಕ್ಕೆ ಒಂದು ಚೂರು ಕಾಗದ ಇಲ್ವಲ್ಲಮ್ಮ," ಎಂದು ವಕೀಲೆ ತಲೆ ಕೊಡವಿದ್ದಳು. "ನಾಳೆ ಕೋರ್ಟಿನ ಕಮಿಷನರ್ ಬಂದು ಅಂಗಡಿಗೆ ಬೆಲೆ ಕಟ್ತಾರೆ. ಯಾರು ಏನು ಕೆಲಸ ಮಾಡ್ತಿದ್ರು ಅಂತಾನೂ ಬರ್ಕೊಳ್ತಾರೆ. ನೀವು ಹೋಗಿ ಸುಮ್ನೆ ನಿಂತ್ಕೊಳ್ಳಿ. ಏನನ್ನೂ ಮುಟ್ಟಬೇಡಿ. ಮುಟ್ಟಿದ್ರೆ ಸಾಮಾನು ಎತ್ಕೊಂಡು ಹೋದ್ಲು ಅಂತಾರೆ."

ಆ ಅಂಗಡಿಯೊಳಗೆ ಹೊತ್ತು ಹೊರಗಿನ ಹಾಗೆ ಸರಿಯುವುದಿಲ್ಲ. ಕಿಟಕಿಯ ಬಿಸಿಲಿನಲ್ಲಿ ಅರಳೆಯ ಎಳೆಗಳು ಬೀಳುವ ಮನಸ್ಸಿಲ್ಲದೆ ತೇಲುತ್ತಿದ್ದವು. ಬೀದಿಯ ಗದ್ದಲ ಎಲ್ಲೋ ದೂರದ ನೀರಿನ ಸದ್ದಿನಂತೆ ಮೆತ್ತಗಾಗಿ ಒಳಗೆ ಬರುತ್ತಿತ್ತು. ಅಲ್ಲಿಗೆ ಬಂದ ಗಿರಾಕಿ ಆಕಳಿಸದೆ ಹೋದದ್ದಿಲ್ಲ. ಮರುದಿನ ಬಂದ ವಯಸ್ಸಾದ ಕಮಿಷನರ್ ಹಾಸಿಗೆಯೊಂದರ ಅಂಚಿನಲ್ಲಿ ಕೂತು ಮೂರು ಸಾಲು ಬರೆಯುವಷ್ಟರಲ್ಲಿ ರೆಪ್ಪೆ ಭಾರವಾಗಿತ್ತು.

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಹಾಸಿಗೆ ಅಂಗಡಿಯೋರಿಗೇ ಹೀಗಾದ್ರೆ ಹೇಗಮ್ಮ?"

"ನಮ್ದು ಮಲಗಿ ಎದ್ದ ಮೇಲೂ ಮುಗೀಲಿಲ್ಲ ಸಾರ್."

"ಹೋಗ್ಲಿ. ಇಲ್ಲಿ ಕೆಲಸ ಯಾರ್ಯಾರು ಮಾಡ್ತಿದ್ರಿ?"

"ನಾನೊಬ್ಬನೇ ಸಾರ್," ಎಂದ ಗಂಡ. "ಇವಳು ಟೀ ಕಾಸೋಳು, ಕಸ ಹೊಡೆಯೋಳು. ಅಷ್ಟೆ."

"ಹೌದು ಸಾರ್. ಅರಳೆ ತಾನಾಗೇ ಹಾರಿ ಬಂದು ಗವಸಿನೊಳಗೆ ಕೂತ್ಕೊಳ್ತಿತ್ತು," ಎಂದಳು ಅವಳು.

ಕಮಿಷನರ್ ನಗು ತಡೆದು ಗಂಡನ ಕಡೆಗೆ ಪೆನ್ನು ಆಡಿಸಿದರು. "ಎಲ್ಲಿ, ಒಂದು ಸಾಲು ಹೊಲಿದು ತೋರಿಸಿ. ಕೆಲಸ ಹೇಗೆ ನಡೀತಿತ್ತು ನೋಡ್ತೀನಿ."

ಅವಳು ಮನೆ ಬಿಟ್ಟ ದಿನ ಅರ್ಧಕ್ಕೆ ನಿಂತ ಹಾಸಿಗೆಯೊಂದು ಮರದ ಚೌಕಟ್ಟಿನಲ್ಲಿ ಗೋಡೆಯ ಹಾಗೆ ನೆಟ್ಟಗೆ ನಿಂತಿತ್ತು. ಗಂಡ ಈಚೆಗೆ ನಿಂತು ದಬ್ಬಣಕ್ಕೆ ದಾರ ಪೋಣಿಸಿದ. ಸುಮ್ಮನೆ ನಿಲ್ಲಲು ಜಾಗ ಹುಡುಕಿದ ಅವಳ ಕಾಲುಗಳು ತಮ್ಮ ಪಾಡಿಗೆ ತಾವೇ ಹಾಸಿಗೆಯ ಆಚೆಗೆ ಹೋಗಿ ನಿಂತಿದ್ದವು. ಈಗ ಅವನಿಗೆ ಅವಳು ಕಾಣಳು, ಅವಳಿಗೆ ಅವನು ಕಾಣ. ಬಟ್ಟೆ ಒಂದು ಕಡೆ ಸ್ವಲ್ಪ ಉಬ್ಬಿತು. ದಬ್ಬಣದ ಮೂತಿ ಮೆಲ್ಲನೆ ಹೊರಗೆ ಬಂತು.

ಮುಟ್ಟಬೇಡಿ ಎಂದಿದ್ದಳು ವಕೀಲೆ. ಆದರೆ ಕೈಗೆ ಯಾವ ವಕೀಲರೂ ಬುದ್ಧಿ ಹೇಳಿರಲಿಲ್ಲ. ಕೈ ದಬ್ಬಣವನ್ನು ಎಳೆದುಕೊಂಡಿತು, ಬೆರಳಗಲ ಪಕ್ಕಕ್ಕೆ ಚುಚ್ಚಿ ವಾಪಸು ಕಳಿಸಿತು. ಅದು ಮತ್ತೆ ಬಂತು. ಮತ್ತೆ ಹೋಯಿತು. ಅರಳೆಯ ಆಳದಲ್ಲಿ ದಾರ ಸುಯ್ಯೆನ್ನುತ್ತಿತ್ತು, ನಿದ್ದೆಯಲ್ಲಿರುವವರು ಉಸಿರಾಡುವ ಹಾಗೆ. ಇದು ಯಾವ ವರ್ಷ, ಯಾರ ಮನೆಯ ಹಾಸಿಗೆ, ತಾನು ಇಲ್ಲಿಗೆ ಯಾಕೆ ಬಂದೆ, ಒಂದೂ ಅವಳಿಗೆ ನೆನಪಾಗಲಿಲ್ಲ.

"ಸ್ವಲ್ಪ ಮೇಲೆ ಬಿಡೇ," ಎಂದಿತು ಆಚೆಯ ದನಿ.

"ಬಿಟ್ಟೆ ಕಣ್ರೀ. ದಾರ ಎಳೀರಿ, ಸಡಿಲ ಇದೆ."

"ದಾರ ಮುಗೀತಾ ಬಂತು. ಸಾಯಂಕಾಲ ಒಂದು ಉಂಡೆ ತರ್ಬೇಕು, ನೆನಪು ಮಾಡು."

"ಹೂಂ."

ಹೂಂ ಎಂದ ಮೇಲೆ ಅವಳಿಗೆ ಎಚ್ಚರವಾಯಿತು. ಅವನಿಗೂ ಆಗಿರಬೇಕು. ದಬ್ಬಣ ಹಾಸಿಗೆಯ ನಡುವೆಯೇ ನಿಂತಿತು, ಯಾರೂ ಎಳೆಯಲಿಲ್ಲ. ಅಷ್ಟರಲ್ಲಿ ಒಂದಿಡೀ ಸಾಲು ನೂಲು ಹಿಡಿದ ಹಾಗೆ ನೇರವಾಗಿ ಮುಗಿದಿತ್ತು.

ಅರ್ಧ ಕಣ್ಣು ಮುಚ್ಚಿ ಕೂತಿದ್ದ ಕಮಿಷನರ್ ಕಣ್ಣು ತೆರೆದರು. "ಆ ಕಡೆಯಿಂದ ವಾಪಸ್ ಕಳಿಸ್ತಿದ್ದೋರು ಯಾರ್ರೀ?"

ಗಂಡ ಹಾಸಿಗೆಯ ಅಂಚಿನಿಂದ ಇಣುಕಿ ನೋಡಿದ. ಅವನ ಮೀಸೆಯ ಮೇಲೆ ಅರಳೆ ಕೂತಿತ್ತು.

"ಇವಳೇ ಸಾರ್."

"ಎಷ್ಟು ದಿನದಿಂದ?"

"ಅಂಗಡಿ ತೆಗೆದಾಗಿಂದ." ಮೀಸೆಯ ಅರಳೆ ಒರೆಸಿಕೊಂಡ. "ಬರ್ಕೊಳ್ಳಿ ಸಾರ್. ಒಬ್ಬರ ಕೈಲಿ ಆಗೋ ಕೆಲಸ ಅಲ್ಲ ಇದು."

ಕಮಿಷನರ್ ಬರೆದುಕೊಂಡರು. ಕೋರ್ಟು ಅದನ್ನೇ ಹಿಡಿಯಿತು: ಅಂಗಡಿಯ ಬೆಲೆಯಲ್ಲಿ ಅರ್ಧ ಅವಳಿಗೆ, ಸಾಲದಲ್ಲೂ ಅರ್ಧ. ಕಳೆದು ಉಳಿದದ್ದರಲ್ಲಿ ವಕೀಲೆಯ ಬಾಕಿ ತೀರಿತು, ಕಿಟಕಿ ಇರುವ ಒಂದು ಕೋಣೆಗೆ ಮುಂಗಡ ಕೊಟ್ಟದ್ದಾಯಿತು, ಕೈಯಲ್ಲಿ ಒಂದಿಷ್ಟು ಉಳಿಯಿತು ಕೂಡ. ಅವಳ ಪಾಲು ಕೊಡಲು ಗಂಡ ಚೌಕಟ್ಟು ಮಾರಿದ, ಅರಳೆಯ ಮೂಟೆಗಳನ್ನು ಮಾರಿದ. ಈಗ ಕಾರ್ಖಾನೆಯಿಂದ ಬರುವ ರೆಡಿಮೇಡ್ ಹಾಸಿಗೆ ಇಟ್ಟುಕೊಂಡಿದ್ದಾನೆ. ಅದಕ್ಕೆ ಆಚೆ ಕಡೆ ಯಾರೂ ನಿಲ್ಲಬೇಕಾಗಿಲ್ಲ.