ಶಾಲಿನ ಒಳಗೆ

ಧನುರ್ಮಾಸದ ಚಳಿ ಅರ್ಚಕ ಅನಂತಯ್ಯನವರ ಎದೆಯಲ್ಲಿ ಕೆಮ್ಮಾಗಿ ಕೂತುಬಿಟ್ಟಿತ್ತು. ಅದನ್ನು ನೋಡಲಾರದೆ ಅವರ ತಮ್ಮ ಪೇಟೆಯಿಂದ ಹತ್ತಿ ತುಂಬಿದ, ತೋಳಿಲ್ಲದ ಜಾಕೆಟ್ಟೊಂದನ್ನು ತಂದ.

“ಗರ್ಭಗುಡಿಗೆ ಹೊಲಿದ ಬಟ್ಟೆ ಕೂಡದಪ್ಪ. ಗೊತ್ತಾದ್ರೆ ಪೂಜೆ ಬಿಡಿಸ್ತಾರೆ.”

“ಮೇಲೆ ಶಾಲು ಹೊದ್ಕೊ ಅಣ್ಣಯ್ಯ, ಯಾರಿಗೆ ಕಾಣುತ್ತೆ? ನೀನು ಕೆಮ್ಮಿ ಕೆಮ್ಮಿ ಹೋಗ್ಬಿಟ್ರೆ ಆ ಸ್ವಾಮಿಗೆ ದೀಪ ಹಚ್ಚೋರು ಯಾರು?” ಎನ್ನುತ್ತ ತಮ್ಮ ತಾನೇ ಗುಂಡಿ ಹಾಕಿದ.

ಮರುದಿನ ನಸುಕಿನಲ್ಲಿ ಅನಂತಯ್ಯ ಒಮ್ಮೆಯೂ ಕೆಮ್ಮದೆ ಮಂತ್ರ ಹೇಳಿದರು. ತಪ್ಪಾಯಿತು ತಂದೆ ಎಂದು ಸ್ವಾಮಿಗೆ ಕೈಮುಗಿದರು. ಇಂಥ ತಮ್ಮನನ್ನು ಕೊಟ್ಟೆಯಲ್ಲ ಎಂದು ಇನ್ನೊಮ್ಮೆ ಮುಗಿದರು.

ಮಂಗಳಾರತಿ ಹಿಡಿದು ಹೊರಬಂದರೆ ಎದುರಿಗೆ ಧರ್ಮದರ್ಶಿಗಳು, ಊರ ಹಿರಿಯರು.

“ಶಾಲು ತೆಗೀರಿ ಸ್ವಾಮಿ.”

“ಚಳಿ ಹೆಚ್ಚಿದೆ, ಯಜಮಾನರೇ...”

“ತೆಗೀರಿ ಅಂದೆ.”

ಶಾಲು ಜಾರಿತು. ಅನಂತಯ್ಯನವರ ಕಣ್ಣು ಆಸರೆಗೆಂದು ತಮ್ಮನನ್ನು ಹುಡುಕಿತು.

ಹೊತ್ತು ಹುಟ್ಟುವ ಮುನ್ನ ಎಂದೂ ಹಾಸಿಗೆ ಬಿಡದ ತಮ್ಮ, ತಲೆಗೆ ಮಿಂದು, ಒದ್ದೆ ಪಂಚೆಯುಟ್ಟು, ಬರಿಮೈಯಲ್ಲಿ ನಡುಗುತ್ತ ಆರತಿ ತಟ್ಟೆಗಾಗಿ ಕೈಚಾಚಿ ನಿಂತಿದ್ದ.